ಅಳಿಯ ಅಲ್ಲ, ಮಗಳ ಗಂಡ: ನೇತ್ರಾವತಿಯ ದಡದಲ್ಲಿ ತೈಲ ಬಳಗದ ಒಳವ್ಯವಹಾರ

ಹಾಲು ಉತ್ಪಾದಕರ ಸಂಘದ ಅಧ್ಯಕ್ಷರು ಸಂಘದ ದಾಸ್ತಾನಿಗೆ ತಮ್ಮ ಭಾವನ ಕಟ್ಟಡವನ್ನು ಬಾಡಿಗೆಗೆ ಗೊತ್ತುಮಾಡಿದರೆ, ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಯಾವ ಹಳ್ಳಿಯಲ್ಲಾದರೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಏಳದಿರದು. ಬಾಡಿಗೆ ನ್ಯಾಯವಾದುದೇ ಆಗಿರಬಹುದು. ಊರಿನಲ್ಲಿ ಬೇರೆ ಕಟ್ಟಡವೇ ಇಲ್ಲದಿರಬಹುದು. ಆದರೂ ಬೆಲೆ ಕಟ್ಟಿದವರೂ ಬೆಲೆ ಪಡೆದವರೂ ಒಂದೇ ಚಾವಡಿಯವರಾದಾಗ, ಲೆಕ್ಕವನ್ನು ಸದಸ್ಯರ ಮುಂದೆ ಬಿಚ್ಚಿಡಬೇಕೆಂಬುದು ಹಳ್ಳಿಯ ಸಾಮಾನ್ಯ ನ್ಯಾಯ. ಕಂಪನಿ ಕಾನೂನಿನಲ್ಲಿ ಇದಕ್ಕೆ ‘ಸಂಬಂಧಿತ ಪಕ್ಷಗಳೊಂದಿಗಿನ ವ್ಯವಹಾರ’ ಎಂದು ಹೆಸರು. ಐವತ್ತು ಮನೆಗಳ ಹಾಲಿನ ಸಂಘವನ್ನು ಕಾಡುವ ಈ ಪ್ರಶ್ನೆ, ಸಾವಿರಾರು ಕೋಟಿ ರೂಪಾಯಿಗಳ ಸರ್ಕಾರಿ ತೈಲ ಕಂಪನಿಗಳ ಬಳಿಗೆ ಬಂದಾಗ ಮಾತ್ರ ಸದ್ದಿಲ್ಲದೆ ಕರಗಿಹೋಗುತ್ತದೆ. ಕಾನೂನೇ ಅಲ್ಲಿ ಬಾಗಿಲು ತೆರೆದಿಟ್ಟಿದೆ.

ದಕ್ಷಿಣ ಕನ್ನಡದ ಜನರಿಗೆ ಇದು ದೂರದ ದೆಹಲಿಯ ಸಂಗತಿಯಲ್ಲ. ಸರಪಾಡಿಯಲ್ಲಿ ನೇತ್ರಾವತಿಯಿಂದ ಎತ್ತಿದ ನೀರು, ಕಳವಾರು ಪೆರ್ಮುದೆಗಳ ಕಂಬಳದ ಗದ್ದೆಗಳಿದ್ದ ನೆಲ, ಬಂಟ್ವಾಳ ಬೆಳ್ತಂಗಡಿಗಳ ಅಡಿಕೆ ತೋಟಗಳ ಅಡಿಯಲ್ಲಿ ಹಾದುಹೋಗುವ ಕೊಳವೆ, ಇವೆಲ್ಲವೂ ಒಂದೇ ತೈಲ ಬಳಗದ ಒಳವ್ಯವಹಾರದ ಸರಕುಗಳಾಗಿವೆ. ನದಿಯನ್ನು ನಂಬಿ ಬದುಕುವ ಫರಂಗಿಪೇಟೆ, ತುಂಬೆ, ಪಾಣೆಮಂಗಳೂರಿನ ಜನ ಈ ಬಳಗದ ವಂಶವೃಕ್ಷವನ್ನು ಒಮ್ಮೆ ಬರೆದು ನೋಡುವುದು ಅಗತ್ಯ.

ಬಳಗದ ವಂಶವೃಕ್ಷ

ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ 1988ರಲ್ಲಿ ಎಚ್‌ಪಿಸಿಎಲ್ ಮತ್ತು ಬಿರ್ಲಾ ಸಮೂಹದ ಜಂಟಿ ಸಾಹಸವಾಗಿ ಹುಟ್ಟಿತು. 2003ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರದ ಒಡೆತನದ ಒಎನ್‌ಜಿಸಿ ಬಿರ್ಲಾ ಸಮೂಹದ ಪಾಲನ್ನು ಕೊಂಡು, ಹೊಸ ಬಂಡವಾಳವನ್ನೂ ಹೂಡಿ ಅದರ ಒಡೆಯನಾಯಿತು. ಇಂದು ಒಎನ್‌ಜಿಸಿಯ ಪಾಲು ಶೇ 71ಕ್ಕೂ ಹೆಚ್ಚು. ಎಚ್‌ಪಿಸಿಎಲ್ ಪಾಲು ಸುಮಾರು ಶೇ 17. ಉಳಿದ ಸುಮಾರು ಶೇ 11 ಮಾತ್ರ ಸಾರ್ವಜನಿಕರದು. ಷೇರುಪೇಟೆಯ ಕಂಪನಿಗಳಲ್ಲಿ ಸಾರ್ವಜನಿಕರ ಪಾಲು ಕನಿಷ್ಠ ಶೇ 25 ಇರಬೇಕೆಂಬ ನಿಯಮವಿದ್ದರೂ, ಸರ್ಕಾರಿ ಕಂಪನಿಗಳಿಗೆ ಮತ್ತೆ ಮತ್ತೆ ಕಾಲಾವಕಾಶ ವಿಸ್ತರಿಸುತ್ತ ಬರಲಾಗಿದೆ.

2018ರ ಜನವರಿಯಲ್ಲಿ ಒಎನ್‌ಜಿಸಿ ಕೇಂದ್ರ ಸರ್ಕಾರದಿಂದಲೇ ಎಚ್‌ಪಿಸಿಎಲ್‌ನ ಶೇ 51.11 ಪಾಲನ್ನು 36,915 ಕೋಟಿ ರೂಪಾಯಿಗೆ ಕೊಂಡಿತು. ಸರ್ಕಾರ ತನ್ನ ಒಂದು ಕಂಪನಿಯನ್ನು ತನ್ನ ಇನ್ನೊಂದು ಕಂಪನಿಗೆ ಮಾರಿ, ಬಂದ ಹಣವನ್ನು ‘ಬಂಡವಾಳ ಹಿಂತೆಗೆತ’ದ ಲೆಕ್ಕಕ್ಕೆ ಬರೆದುಕೊಂಡಿತು. ಅಂದಿನಿಂದ ಎಂಆರ್‌ಪಿಎಲ್‌ನ ಇಬ್ಬರು ದೊಡ್ಡ ಪಾಲುದಾರರು ತಾಯಿ ಮಗಳಾದರು. ಸೋಜಿಗವೆಂದರೆ, ಎಚ್‌ಪಿಸಿಎಲ್ ಕೆಲಕಾಲ ತನ್ನ ದಾಖಲೆಗಳಲ್ಲಿ ಒಂದೂ ಷೇರಿಲ್ಲದ ರಾಷ್ಟ್ರಪತಿಗಳನ್ನೇ ಪ್ರವರ್ತಕರೆಂದು ತೋರಿಸಿ, ಅರ್ಧಕ್ಕಿಂತ ಹೆಚ್ಚು ಪಾಲಿನ ಒಎನ್‌ಜಿಸಿಯನ್ನು ಸಾಮಾನ್ಯ ಷೇರುದಾರರ ಸಾಲಿನಲ್ಲಿ ಕೂರಿಸಿತ್ತು. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈ ಮನೆಯ ಉಳಿದ ಸದಸ್ಯರು ಇನ್ನೂ ಇದ್ದಾರೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವನ್ನು ನಡೆಸುವ ಪೆಟ್ರೋನೆಟ್ ಎಂಎಚ್‌ಬಿ, ಎಚ್‌ಪಿಸಿಎಲ್ ಮತ್ತು ಒಎನ್‌ಜಿಸಿಗಳ ಜಂಟಿ ಕಂಪನಿಯಾಗಿ ಬೆಳೆಯಿತು. 2006ರಲ್ಲಿ ಹುಟ್ಟಿದ ಮಂಗಳೂರು ವಿಶೇಷ ಆರ್ಥಿಕ ವಲಯ ಕಂಪನಿಯಲ್ಲಿ ಒಎನ್‌ಜಿಸಿಗೆ ಶೇ 26, ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿಗೆ ಶೇ 23, ಐಎಲ್ ಅಂಡ್ ಎಫ್‌ಎಸ್ ಸಂಸ್ಥೆಗೆ ಶೇ 50 ಪಾಲು ಹಂಚಿಕೆಯಾಯಿತು. ಅದೇ ವರ್ಷದ ಕೊನೆಗೆ ಹುಟ್ಟಿದ ಒಎಂಪಿಎಲ್ ಎಂಬ ಪೆಟ್ರೋರಾಸಾಯನಿಕ ಕಂಪನಿಯಲ್ಲಿ ಮೊದಲು ಒಎನ್‌ಜಿಸಿಗೆ ಶೇ 46, ಎಂಆರ್‌ಪಿಎಲ್‌ಗೆ ಶೇ 3 ಪಾಲಿತ್ತು.

ನಲವತ್ತೊಂಬತ್ತರ ಗಣಿತ

ಇಲ್ಲಿ ವಾಚಕರು ಸ್ವಲ್ಪ ನಿಂತು ಕೂಡಿಸಿ ನೋಡಬೇಕು. ಆರ್ಥಿಕ ವಲಯದಲ್ಲಿ 26 ಮತ್ತು 23 ಸೇರಿದರೆ 49. ಒಎಂಪಿಎಲ್‌ನಲ್ಲಿ 46 ಮತ್ತು 3 ಸೇರಿದರೆ ಅಲ್ಲಿಯೂ 49. ಕಂಪನಿ ಕಾನೂನಿನ ಪ್ರಕಾರ ಸರ್ಕಾರಗಳ ಹಾಗೂ ಸರ್ಕಾರಿ ಕಂಪನಿಗಳ ಪಾಲು ಶೇ 51 ಮುಟ್ಟಿದಾಗಲೇ ಭಾರತದ ಮಹಾಲೇಖಪಾಲರ ಲೆಕ್ಕಪರಿಶೋಧನೆ, ಶಾಸನಸಭೆಯ ಮುಂದೆ ವರದಿ ಮಂಡನೆ ಇತ್ಯಾದಿಗಳು ಅನ್ವಯಿಸುತ್ತವೆ. ನಲವತ್ತೊಂಬತ್ತಕ್ಕೆ ನಿಂತರೆ ಇವು ಯಾವುವೂ ಇಲ್ಲ. ಈ ಅಂಕೆಯನ್ನು ಆಯ್ದುಕೊಂಡವರ ಮನಸ್ಸಿನಲ್ಲಿ ಏನಿತ್ತೆಂಬುದರ ಚರ್ಚೆ ಇಲ್ಲಿ ಬೇಕಿಲ್ಲ. ಫಲವನ್ನು ನೋಡಿದರೆ ಸಾಕು. ಭೂಮಿಯನ್ನು ವಶಪಡಿಸಿಕೊಳ್ಳುವಾಗ ‘ಸಾರ್ವಜನಿಕ ಉದ್ದೇಶ’ ಎಂಬ ಸರ್ಕಾರದ ಕೋಲು ಕೈಯಲ್ಲಿತ್ತು. ಲೆಕ್ಕ ಒಪ್ಪಿಸುವ ಹೊತ್ತಿಗೆ ಅದು ‘ಸರ್ಕಾರಿ ಕಂಪನಿಯಲ್ಲ’ವಾಯಿತು.

ಇದಕ್ಕಿಂತ ಗಂಭೀರವಾದುದು ಕೆಐಎಡಿಬಿಯ ಪಾತ್ರ. 1966ರ ಕಾಯ್ದೆಯ ಅಡಿಯಲ್ಲಿ ರೈತರ ಜಮೀನಿಗೆ ನೋಟಿಸ್ ಜಾರಿಯಾಗುವುದು, ದರದ ಮಾತುಕತೆ ನಡೆಯುವುದು, ಭೂಮಿ ಹಸ್ತಾಂತರವಾಗುವುದು ಎಲ್ಲವೂ ಈ ಮಂಡಳಿಯ ಮೂಲಕ. ಭೂಮಿಯನ್ನು ಪಡೆಯುವ ಕಂಪನಿಯಲ್ಲಿ ಅದೇ ಮಂಡಳಿ ಶೇ 23ರ ಪಾಲುದಾರ. ರೈತನಿಗೆ ಎಕರೆಯೊಂದಕ್ಕೆ ಒಂದು ರೂಪಾಯಿ ಕಡಿಮೆ ಕೊಟ್ಟರೆ ಪಾಲುದಾರನಾಗಿ ಮಂಡಳಿಗೆ ಅಷ್ಟು ಲಾಭ. ನ್ಯಾಯ ಹೇಳುವ ಗುರಿಕಾರನೇ ಜಗಳದ ಜಾಗದಲ್ಲಿ ಪಾಲು ಇಟ್ಟುಕೊಂಡಂತೆ ಇದು. ಕಳವಾರು, ಪೆರ್ಮುದೆ, ಬಜ್ಪೆ ಪರಿಸರದಲ್ಲಿ ಮೊದಲ ಹಂತಕ್ಕೆ ಸುಮಾರು 1,800 ಎಕರೆ ಭೂಮಿ ಹೋಯಿತು. ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು, ದೇಲಂತಬೆಟ್ಟು ಗ್ರಾಮಗಳ ಜನರು ಪಟ್ಟುಹಿಡಿದು ಹೋರಾಡಿದ್ದರಿಂದ 2011ರಲ್ಲಿ ಎರಡನೆಯ ಹಂತದ ಸುಮಾರು 2,035 ಎಕರೆಯನ್ನು ಸರ್ಕಾರ ಸ್ವಾಧೀನದಿಂದ ಕೈಬಿಟ್ಟಿತು. ಬಿಟ್ಟ ಭೂಮಿ ಇಂದಿಗೂ ಬೇಸಾಯಕ್ಕೆ ಉಳಿದಿರುವುದು ಯಾವುದೇ ಲೆಕ್ಕಪರಿಶೋಧಕನ ಟಿಪ್ಪಣಿಯಿಂದಲ್ಲ, ಹಳ್ಳಿಗಳ ಹಟದಿಂದ.

ಇನ್ನು ಶೇ 50ರ ಪಾಲುದಾರನ ಕಥೆ. 2018ರ ಅಕ್ಟೋಬರಿನಲ್ಲಿ ಐಎಲ್ ಅಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕುಸಿದು, ಅದರ ಆಡಳಿತ ಮಂಡಳಿಯನ್ನು ಸರ್ಕಾರವೇ ಬದಲಿಸಬೇಕಾಯಿತು. ‘ಸಾರ್ವಜನಿಕ ಉದ್ದೇಶ’ಕ್ಕಾಗಿ ದೈವಸ್ಥಾನ, ನಾಗಬನ, ತರವಾಡು ಮನೆಗಳನ್ನು ಬಿಟ್ಟುಕೊಟ್ಟ ಜನರ ಭೂಮಿಯ ಅರ್ಧ ಒಡೆತನ ಹೀಗೆ ಸಾಲಗಾರರ ಪಟ್ಟಿಯೊಳಗಿನ ಒಂದು ಸಾಲಾಗಿಹೋಯಿತು.

ಲಾಭ ಯಾವ ಜೇಬಿನಲ್ಲಿ?

ಒಎಂಪಿಎಲ್ ಆರ್ಥಿಕ ವಲಯದ 442 ಎಕರೆಯಲ್ಲಿ ಸ್ಥಾಪನೆಗೊಂಡು 2014ರಲ್ಲಿ ಉತ್ಪಾದನೆ ಆರಂಭಿಸಿತು. ವರ್ಷಕ್ಕೆ ಒಂಬತ್ತು ಲಕ್ಷ ಟನ್ನಿನಷ್ಟು ಪ್ಯಾರಾಕ್ಸೈಲೀನ್ ಮತ್ತು ಅದರೊಂದಿಗೆ ಬೆಂಜೀನ್ ತಯಾರಿಸುವ ಘಟಕ ಅದು. ಅದಕ್ಕೆ ಬೇಕಾದ ನಾಫ್ತಾ ಮೊದಲಾದ ಕಚ್ಚಾ ಸರಕು ಬರುತ್ತಿದ್ದುದು ಪಕ್ಕದ ಎಂಆರ್‌ಪಿಎಲ್‌ನಿಂದ. ಉಪ ಉತ್ಪನ್ನಗಳು ಕೊಳವೆಯಲ್ಲೇ ಮರಳಿ ಎಂಆರ್‌ಪಿಎಲ್‌ಗೆ. ಗೋಡೆಯಾಚೆ ಈಚೆಯ ಈ ಮಾರಾಟಕ್ಕೆ ಕಟ್ಟುವ ಬೆಲೆಯನ್ನು ಹೊಂದಿಕೊಂಡು ಯಾವ ಕಂಪನಿಯಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬುದು ತೀರ್ಮಾನವಾಗುತ್ತದೆ. ಒಎಂಪಿಎಲ್ ಆರಂಭದ ವರ್ಷಗಳಲ್ಲಿ ನಷ್ಟದಲ್ಲೇ ನಡೆಯಿತು.

2015ರಲ್ಲಿ ಎಂಆರ್‌ಪಿಎಲ್ ತನ್ನ ಪಾಲನ್ನು ಶೇ 51ಕ್ಕೆ ಏರಿಸಿಕೊಂಡಿತು. 2020ರ ಅಕ್ಟೋಬರಿನಲ್ಲಿ ಒಎನ್‌ಜಿಸಿ ಕೈಯಲ್ಲಿ ಉಳಿದಿದ್ದ ಶೇ 48.99ನ್ನು ಸುಮಾರು 1,217 ಕೋಟಿ ರೂಪಾಯಿಗೆ ಕೊಳ್ಳಲು ಅದರ ಆಡಳಿತ ಮಂಡಳಿ ಒಪ್ಪಿತು. 2021ರ ಜನವರಿಯಲ್ಲಿ ವ್ಯವಹಾರ ಮುಗಿಯಿತು. 2022ರ ಮೇ 1ರಂದು ಒಎಂಪಿಎಲ್ ಎಂಆರ್‌ಪಿಎಲ್‌ನೊಳಗೆ ವಿಲೀನವಾಯಿತು. 2019-20 ಮತ್ತು 2020-21, ಎರಡೂ ವರ್ಷ ಎಂಆರ್‌ಪಿಎಲ್ ಸ್ವತಃ ನಷ್ಟದಲ್ಲಿತ್ತು. ನಷ್ಟದಲ್ಲಿದ್ದ ಮಗಳು ತಾಯಿಗೆ 1,217 ಕೋಟಿ ತೆತ್ತು ತಾಯಿಯ ಹಳೆಯ ಹೂಡಿಕೆಯನ್ನು ಕೊಂಡಳು. ಎರಡು ಘಟಕಗಳು ಒಂದಾದುದರಲ್ಲಿ ತಾಂತ್ರಿಕ ವಿವೇಕವಿದೆ. ಬೆಲೆಯೂ ಸರಿಯಾಗಿಯೇ ಇರಬಹುದು. ಪ್ರಶ್ನೆ ಇಷ್ಟೇ: ಈ ಬಳಗಕ್ಕೆ ಸೇರದ ಶೇ 11ರ ಷೇರುದಾರರು ‘ಬೇಡ’ ಎನ್ನುವ ಅವಕಾಶ ಎಲ್ಲಿತ್ತು?

ಕಾನೂನಿನ ಉತ್ತರ: ಎಲ್ಲಿಯೂ ಇರಬೇಕಿಲ್ಲ. 2013ರ ಕಂಪನಿ ಕಾಯ್ದೆಯ 188ನೆಯ ಕಲಮು ದೊಡ್ಡ ಒಳವ್ಯವಹಾರಗಳಿಗೆ ಷೇರುದಾರರ ಒಪ್ಪಿಗೆ ಬೇಕೆನ್ನುತ್ತದೆ. 2015ರ ಜೂನ್ 5ರ ಅಧಿಸೂಚನೆ ಎರಡು ಸರ್ಕಾರಿ ಕಂಪನಿಗಳ ನಡುವಿನ ಒಪ್ಪಂದಗಳನ್ನು ಅದರಿಂದ ಹೊರಗಿಟ್ಟಿತು. ಸೆಬಿಯ 2015ರ ನಿಯಮಾವಳಿಯ 23ನೆಯ ನಿಯಮ, ಸಂಬಂಧಿಗಳು ತಮ್ಮದೇ ವ್ಯವಹಾರಕ್ಕೆ ತಾವೇ ಮತ ಹಾಕಿ ಒಪ್ಪಿಗೆ ಕೊಡಬಾರದೆನ್ನುತ್ತದೆ. ಸರ್ಕಾರಿ ಕಂಪನಿಗಳ ನಡುವಿನ ವ್ಯವಹಾರಕ್ಕೆ ಅದೂ ಅನ್ವಯಿಸದು. 2001ರಿಂದ ಜಾರಿಗೆ ಬಂದ 18ನೆಯ ಲೆಕ್ಕಪತ್ರ ಮಾನದಂಡವಂತೂ ಸರ್ಕಾರಿ ಸಂಸ್ಥೆಗಳು ಪರಸ್ಪರ ಸಂಬಂಧವನ್ನು ಲೆಕ್ಕಪತ್ರದಲ್ಲಿ ತಿಳಿಸುವ ಅಗತ್ಯವೇ ಇಲ್ಲವೆಂದಿತ್ತು. 2016-17ರಿಂದ ದೊಡ್ಡ ಕಂಪನಿಗಳಿಗೆ ಬಂದ ಹೊಸ ಮಾನದಂಡ ಸ್ವಲ್ಪ ಬಿಗಿಯಾಗಿದ್ದರೂ, ಮಹತ್ವದ ವ್ಯವಹಾರಗಳ ಸ್ವರೂಪ ಮತ್ತು ಮೊತ್ತ ಹೇಳಿದರೆ ಸಾಕೆಂದು ರಿಯಾಯಿತಿ ಉಳಿಸಿದೆ. ಖಾಸಗಿ ಉದ್ಯಮಿಗೆ ಹಾಕಿದ ಬೇಲಿಯನ್ನು ಸರ್ಕಾರ ತನ್ನ ದನಗಳಿಗಾಗಿ ಮಾತ್ರ ಕಿತ್ತಿಟ್ಟಿದೆ.

‘ಎಲ್ಲವೂ ಸರ್ಕಾರದ ಹಣವೇ ಅಲ್ಲವೇ? ಎಡಜೇಬಿನಿಂದ ಬಲಜೇಬಿಗೆ ಹೋದರೆ ಯಾರಿಗೆ ನಷ್ಟ?’ ಎಂದು ಈ ರಿಯಾಯಿತಿಯ ಸಮರ್ಥಕರು ಕೇಳುತ್ತಾರೆ. ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದಕ್ಕೆ ಉತ್ತರ ಹಳ್ಳಿಯಲ್ಲೇ ಇದೆ. ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚಮಾಡಬೇಕು. ಈ ಲೆಕ್ಕ ನಡೆಯುವುದು ಬಳಗಕ್ಕಲ್ಲ, ಒಂದೊಂದು ಕಂಪನಿಗೆ ಪ್ರತ್ಯೇಕವಾಗಿ. ಸರಾಸರಿ ನಷ್ಟದಲ್ಲಿರುವ ಕಂಪನಿಯ ಕಡ್ಡಾಯ ಹೊಣೆ ಸೊನ್ನೆ. ಅಂದರೆ ಲಾಭವನ್ನು ಯಾವ ಜೇಬಿನಲ್ಲಿ ತೋರಿಸಬೇಕೆಂಬ ನಿರ್ಧಾರವು, ಹೊಗೆ ಮತ್ತು ದುರ್ವಾಸನೆ ಕುಡಿಯುವ ಊರಿನ ಶಾಲೆಗೆ, ಆಸ್ಪತ್ರೆಗೆ ಏನಾದರೂ ಬರುತ್ತದೆಯೇ ಎಂಬ ನಿರ್ಧಾರವೂ ಹೌದು. ಎಂಆರ್‌ಪಿಎಲ್‌ನ ಕೋಕ್ ಮತ್ತು ಸಲ್ಫರ್ ಘಟಕದ ಹುಡಿ ಬಿದ್ದ ಜೋಕಟ್ಟೆಯ ಜನ ತಮ್ಮ ನ್ಯಾಯಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂರಬೇಕಾಯಿತು. ಜೇಬುಗಳು ಒಂದೇ ಅಂಗಿಯವಾದರೂ, ಅಂಗಿ ಹಳ್ಳಿಯವನ ಮೈಮೇಲಿಲ್ಲ.

ನೀರಿಗೂ ನೆಲಕ್ಕೂ ಸಂಬಂಧಿ ಯಾರು?

ನೇತ್ರಾವತಿಯ ನೀರನ್ನು ಎಂಆರ್‌ಪಿಎಲ್ ಸರಪಾಡಿಯಲ್ಲಿ ಎತ್ತುತ್ತದೆ. ಆರ್ಥಿಕ ವಲಯವೂ ಇದೇ ನದಿಯ ನೀರನ್ನು ನಂಬಿದೆ. ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರು ನಗರ ಕುಡಿಯುತ್ತದೆ. 2019ರ ಮೇ ತಿಂಗಳಲ್ಲಿ ನದಿ ಬತ್ತಿದಾಗ ನಗರಕ್ಕೆ ನೀರಿನ ಪಡಿತರ ಬಂತು. ಎಂಆರ್‌ಪಿಎಲ್ ಕೂಡ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ತಣ್ಣೀರುಬಾವಿಯಲ್ಲಿ ದಿನಕ್ಕೆ ಮೂರು ಕೋಟಿ ಲೀಟರ್ ಸಾಮರ್ಥ್ಯದ, ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕವನ್ನು ಕಂಪನಿ ಕಟ್ಟಿತು. ಇದು ಸ್ವಾಗತಾರ್ಹ. ಆದರೆ ಅದೇ ಒಂದು ಸತ್ಯವನ್ನೂ ಹೊರಗೆಡವಿತು: ಸಮುದ್ರದ ನೀರನ್ನು ಸಿಹಿ ಮಾಡಲು ಎಷ್ಟು ವೆಚ್ಚವಾಗುತ್ತದೆಯೋ, ನದಿಯ ನೀರಿನ ನಿಜವಾದ ಬೆಲೆ ಕನಿಷ್ಠ ಅಷ್ಟು. ಇಷ್ಟು ವರ್ಷ ಆ ಬೆಲೆಯನ್ನು ಕಂಪನಿ ತೆತ್ತಿಲ್ಲ; ನದಿ ತೆತ್ತಿದೆ, ದಡದ ಬಾವಿಗಳು ತೆತ್ತಿವೆ. ಬಳಗದೊಳಗೆ ನೀರಿಗೆ, ಕೊಳವೆ ಹಾದಿಗೆ ಕಟ್ಟಿಕೊಳ್ಳುವ ದರದ ಒಪ್ಪಂದಗಳು ಸರಪಾಡಿ ಪಂಚಾಯತಿನ ಗ್ರಾಮಸಭೆಯ ಮುಂದೆ ಬರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ಕೊಳವೆ ಮಾರ್ಗದ ಕಥೆ ಇನ್ನೂ ಸ್ಪಷ್ಟ. ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ಪೆಟ್ರೋನೆಟ್‌ನ ಪಂಪಿಂಗ್ ಕೇಂದ್ರವಿದೆ. ಈ ಕೊಳವೆ ರೈತರ ಜಮೀನಿನಲ್ಲಿ ಹಾದುಹೋದದ್ದು 1962ರ ಪೆಟ್ರೋಲಿಯಂ ಕೊಳವೆ ಮಾರ್ಗ ಕಾಯ್ದೆಯ ಬಲದಿಂದ. ಅದರ ಪ್ರಕಾರ ಭೂಮಿಯ ಒಡೆತನ ರೈತನದೇ; ಆದರೆ ಆ ಪಟ್ಟಿಯಲ್ಲಿ ಅವನು ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ, ತೆಂಗು ಬೆಳೆಯುವವನಿಗೆ ಮರ ನೆಡಬಾರದೆಂದರೆ ಉಳಿಯುವುದೇನು? ಬೆಳೆ, ಮರಗಳ ಹಾನಿಯ ಹೊರತಾಗಿ ಈ ಹಕ್ಕಿಗೆ ಕಾಯ್ದೆ ಕೊಡಿಸುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10, ಅದೂ ಒಮ್ಮೆ ಮಾತ್ರ. ಕೊಳವೆಯ ಕಂಪನಿಗಾದರೋ ಸಾಗಿಸಿದ ಪ್ರತಿ ಟನ್ನಿಗೂ ಸಾಗಣೆ ದರ ಬರುತ್ತಲೇ ಇರುತ್ತದೆ. ಆ ದರದ ಮೇಲೆ ಕಣ್ಣಿಡಲು 2006ರ ಕಾಯ್ದೆಯಿಂದ ನಿಯಂತ್ರಣ ಮಂಡಳಿಯೊಂದಿದೆ. ರೈತನ ಶೇ 10ನ್ನು ಮರುಪರಿಶೀಲಿಸಲು ಯಾವ ಮಂಡಳಿಯೂ ಇಲ್ಲ.

ರಾಜ್ಯ ಕಲಿಯದ ಪಾಠ

ಸರ್ಕಾರಿ ಕಂಪನಿಗಳ ಬಂಧುತ್ವ ಹೇಗೆ ದಾರಿ ತಪ್ಪಬಲ್ಲದೆಂಬುದಕ್ಕೆ ಕರ್ನಾಟಕದ್ದೇ ಆದ ಪಾಠವೊಂದಿದೆ. ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಪಡೆಯಲು ಕರ್ನಾಟಕ ವಿದ್ಯುತ್ ನಿಗಮವು 2002ರಲ್ಲಿ ಎಂಟಾ ಎಂಬ ಖಾಸಗಿ ಸಂಸ್ಥೆಯೊಡನೆ ಜಂಟಿ ಕಂಪನಿ ಕಟ್ಟಿತು. ಸುಮಾರು ಮುಕ್ಕಾಲು ಪಾಲು ಖಾಸಗಿಯವರದು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿಗಳು ಸಿಕ್ಕಿದ್ದು ಮಾತ್ರ ಸರ್ಕಾರಿ ನಿಗಮದ ಹೆಸರಿನ ಬಲದಿಂದ. ನಿಗಮವೇ ಪಾಲುದಾರ, ನಿಗಮವೇ ಗಿರಾಕಿ. 2014ರ ಆಗಸ್ಟ್ ಮತ್ತು ಸೆಪ್ಟೆಂಬರ್ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ದೇಶದ 204 ಗಣಿ ಹಂಚಿಕೆಗಳನ್ನು ರದ್ದುಮಾಡಿ, ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ 295 ರೂಪಾಯಿ ಹೆಚ್ಚುವರಿ ತೆರಿಗೆ ವಿಧಿಸಿದಾಗ ಬರಾಂಜ್ ಕೂಡ ಆ ಪಟ್ಟಿಯಲ್ಲಿತ್ತು. ಸರ್ಕಾರಿ ಕಂಪನಿಗಳು ಖಾಸಗಿ ಪಾಲುದಾರರಿಗೆ ಮುಖವಾಡವಾಗಬಾರದೆಂಬುದು ಆ ತೀರ್ಪಿನ ತಿರುಳುಗಳಲ್ಲಿ ಒಂದು. ಸರ್ಕಾರದ ಹೆಸರಿನಲ್ಲಿ ನೆಲ ಪಡೆದು ನಲವತ್ತೊಂಬತ್ತರ ಹಿಂದೆ ನಿಂತ ಮಂಗಳೂರಿನ ವ್ಯವಸ್ಥೆಗೂ ಈ ಮಾತನ್ನು ಅನ್ವಯಿಸಿ ನೋಡುವ ಧೈರ್ಯವನ್ನು ಯಾವ ಸರ್ಕಾರವೂ ತೋರಿಲ್ಲ.

ಆಗಬೇಕಾದುದು

ಮೊದಲನೆಯದಾಗಿ, ಭೂಸ್ವಾಧೀನ ಮಾಡುವ ಮಂಡಳಿ ಭೂಮಿ ಪಡೆಯುವ ಕಂಪನಿಯಲ್ಲಿ ಷೇರು ಹೊಂದುವುದನ್ನು ಕಾನೂನು ನಿಷೇಧಿಸಬೇಕು. ಎರಡನೆಯದಾಗಿ, ಸರ್ಕಾರ ಮತ್ತು ಸರ್ಕಾರಿ ಸಂಸ್ಥೆಗಳ ಪಾಲು ಶೇ 26 ದಾಟಿದ, ಸ್ವಾಧೀನದ ಭೂಮಿಯನ್ನು ಬಳಸುವ ಯಾವುದೇ ಕಂಪನಿಯನ್ನು ಮಹಾಲೇಖಪಾಲರ ಪರಿಶೋಧನೆಗೆ ಒಳಪಡಿಸಬೇಕು. ಮೂರನೆಯದಾಗಿ, ನೀರು, ಭೂಮಿ ಮತ್ತು ಕೊಳವೆ ಹಾದಿಗೆ ಸಂಬಂಧಿಸಿದ ಎಲ್ಲ ಒಳ ಒಪ್ಪಂದಗಳನ್ನು ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯತಿನ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ನಾಲ್ಕನೆಯದಾಗಿ, ಒಂದೇ ಬಳಗದ ಕಂಪನಿಗಳ ಸಾಮಾಜಿಕ ಹೊಣೆಯನ್ನು ಬಳಗದ ಒಟ್ಟು ಲಾಭದ ಮೇಲೆ ಲೆಕ್ಕಹಾಕಿ, ಅದರ ನಿಗದಿತ ಪಾಲನ್ನು ಬಾಧಿತ ಗ್ರಾಮಗಳಿಗೆ ಮೀಸಲಿಡಬೇಕು. ಐದನೆಯದಾಗಿ, ಕೊಳವೆ ಹಾದಿಯ ರೈತರಿಗೆ ಒಮ್ಮೆಯ ಶೇ 10ರ ಬದಲು ಸಾಗಣೆ ದರದಲ್ಲಿ ವಾರ್ಷಿಕ ಪಾಲು ಸಿಗಬೇಕು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಒಎನ್‌ಜಿಸಿ, ಎಂಆರ್‌ಪಿಎಲ್, ಕೆಐಎಡಿಬಿ ಮೂರೂ 2005ರ ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟ ಸಂಸ್ಥೆಗಳು. ‘ವಾಣಿಜ್ಯ ಗೋಪ್ಯತೆ’ ಎಂದು ಅರ್ಜಿ ತಿರಸ್ಕೃತವಾದರೆ, ಸಾರ್ವಜನಿಕ ಹಿತ ದೊಡ್ಡದಾದಾಗ ಆ ಗೋಪ್ಯತೆ ನಿಲ್ಲದೆಂದು ಅದೇ ಕಾಯ್ದೆಯ 8ನೆಯ ಕಲಮು ಹೇಳುತ್ತದೆ, ಮೇಲ್ಮನವಿಗೆ ದಾರಿಯಿದೆ. ಮೂಡುಬಿದಿರೆ, ಬಂಟ್ವಾಳ, ಉಜಿರೆಗಳ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಓದುವ ವಿದ್ಯಾರ್ಥಿಗಳು ಎಂಆರ್‌ಪಿಎಲ್‌ನ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡು, ಬಣ್ಣದ ಚಿತ್ರಗಳ ಪುಟಗಳನ್ನು ದಾಟಿ, ಎಒಸಿ-2 ಎಂಬ ನಮೂನೆಯನ್ನೂ ಕೊನೆಯ ಟಿಪ್ಪಣಿಗಳಲ್ಲಿರುವ ಸಂಬಂಧಿತ ಪಕ್ಷಗಳ ಪಟ್ಟಿಯನ್ನೂ ಓದಬೇಕು. ವರ್ಷದಿಂದ ವರ್ಷಕ್ಕೆ ಯಾರಿಂದ ಯಾರಿಗೆ ಎಷ್ಟು ಹೋಯಿತೆಂದು ಒಂದು ಕೋಷ್ಟಕ ಬರೆದು ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಒಂದೇ ಒಂದು ಷೇರು ಕೊಂಡವನಿಗೂ ಕಂಪನಿಯ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ.

ಈ ಕೆಲಸಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಬರುವ ಬೇಸಿಗೆಯಲ್ಲಿ ನದಿಯ ಮಟ್ಟ ಇಳಿಯುವ ಮೊದಲೇ ಸರಪಾಡಿಯಿಂದ ಫರಂಗಿಪೇಟೆಯವರೆಗಿನ ಪ್ರತಿಯೊಂದು ಗ್ರಾಮಸಭೆಯೂ ಒಂದು ನಿರ್ಣಯವನ್ನಾದರೂ ಅಂಗೀಕರಿಸಲಿ: ನೇತ್ರಾವತಿಯ ನೀರಿನ ಮೇಲಿನ ಎಲ್ಲ ಒಪ್ಪಂದಗಳ ಪ್ರತಿಗಳು ಪಂಚಾಯತಿನ ಕಚೇರಿಗೆ ಬರಬೇಕು, ಕನ್ನಡದಲ್ಲಿ, ದರದ ಸಮೇತ.